ಕಿವಿಯಲ್ಲಿ ಕಾದಂಬರಿ, ತಲೆ ಬರಿದು

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಮನೆ ಹಲಸೂರಿನಲ್ಲಿ, ಕೆಲಸ ಕೆ.ಆರ್. ಪುರದ ಹತ್ತಿರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಕೊರೊನಾ ಕಾಲದಲ್ಲಿ ಬೈಕ್ ಮಾರಿ ಸೈಕಲ್ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಶುಗರ್ ಹತೋಟಿಗೆ ಬಂದಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಮದುವೆಗೆ ಮುಂಚೆ ನಾನು ಪುಸ್ತಕದ ಹುಳು. ಈಗ ಪುಸ್ತಕ ಬಿಚ್ಚಿದರೆ ಎರಡು ಪುಟಕ್ಕೆ ಕೈ ಫೋನಿನ ಕಡೆ ಹೋಗುತ್ತದೆ. ಅದಕ್ಕೇ ಒಂದು ದಾರಿ ಮಾಡಿಕೊಂಡೆ: ಇಯರ್‌ಫೋನ್ ಹಾಕಿಕೊಂಡು ಸೈಕಲ್ ಮೇಲೆ ಕಥೆ, ಕಾದಂಬರಿ ಕೇಳುತ್ತೇನೆ. ಓದಿಗೆ ಸಿಗುವ ಸಮಯ ಅದೊಂದೇ.

ಹೆಲ್ಮೆಟ್ ಹಾಕುವುದಿಲ್ಲ. ಬೆವರುತ್ತದೆ, ಅದೂ ಅಲ್ಲದೆ ನಾನು ಹೋಗುವುದೇ ನಿಧಾನ. ಚಿಕ್ಕಂದಿನಿಂದ ಹಲಸೂರಿನ ಬಜಾರ್ ಬೀದಿಯಲ್ಲಿ ಸೈಕಲ್ ತುಳಿದವನು, ಯಾರೂ ಹೆಲ್ಮೆಟ್ ಹಾಕಿದ್ದನ್ನು ನೋಡಿಲ್ಲ. ಕಾನೂನೂ ಕೇಳುವುದಿಲ್ಲ. ಹಾಲೆಂಡಿನಲ್ಲಿ ಯಾರೂ ಹಾಕುವುದಿಲ್ಲವಂತೆ. ಹೆಂಡತಿ ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ದಿನಾ ಅಂಥದ್ದನ್ನೇ ನೋಡುತ್ತಾಳಲ್ಲ, ಅತಿಯಾಗಿ ಹೆದರುತ್ತಾಳೆ. ಈ ವಿಷಯಕ್ಕೆ ವಾರಕ್ಕೊಂದು ಜಗಳ.

ಮಗಳು ಎಂಟನೇ ಕ್ಲಾಸು. ಇಂದಿರಾನಗರಕ್ಕೆ ಟ್ಯೂಷನ್‌ಗೆ ಸೈಕಲ್‌ನಲ್ಲೇ ಹೋಗುತ್ತಾಳೆ. ಹೆಲ್ಮೆಟ್ ಕೊಡಿಸಿದ್ದೇವೆ, ಬೀದಿ ತಿರುವು ದಾಟಿದ ಮೇಲೆ ಅದು ಹ್ಯಾಂಡಲ್‌ಗೆ ನೇತುಹಾಕಿರುತ್ತದೆ. ಕೇಳಿದರೆ ‘ನೀನೂ ಹಾಕಲ್ವಲ್ಲ ಅಪ್ಪ’ ಅಂತಾಳೆ. ಪುಸ್ತಕ ಓದು ಅಂದರೆ ‘ನೀನು ಓದೋದನ್ನ ನಾನು ನೋಡೇ ಇಲ್ಲ’ ಅಂತಾಳೆ. ಮೊನ್ನೆ ತೇಜಸ್ವಿಯವರ ‘ಕರ್ವಾಲೊ’ ಕೇಳಿ ಮುಗಿಸಿದೆ ಎಂದೆ. ‘ಹಾಗಾದ್ರೆ ಕೊನೆಗೆ ಆ ಹಾರೋ ಓತಿ ಏನಾಯ್ತು?’ ಎಂದಳು. ಹೇಳಲಾಗಲಿಲ್ಲ. ಆ ಭಾಗ ಬಂದಾಗ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸುಗಳ ಮಧ್ಯೆ ಇದ್ದೆ. ಅವತ್ತಿನಿಂದ ಮನಸ್ಸಿಗೆ ಒಂಥರಾ ಆಗಿದೆ. ನಿಜಕ್ಕೂ ಹೆಲ್ಮೆಟ್ ಬೇಕೇ? ಕೇಳುವುದು ಓದಲ್ಲವೇ? ಮಗಳಿಗೆ ಏನು ಹೇಳಲಿ?

– ಹೆಸರು ಬೇಡ, ಹಲಸೂರು

ಉತ್ತರ: ಓತಿ ಏನಾಯಿತೆಂದು ಮಗಳು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ ಮೂರಕ್ಕೂ ಉತ್ತರ ಅದರಲ್ಲಿದೆ.

ಟಿನ್ ಫ್ಯಾಕ್ಟರಿ ಹತ್ತಿರ ಏನಾಗುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಹಳೇ ಮದ್ರಾಸ್ ರಸ್ತೆಯ ವಾಹನಗಳೂ ಹೊರವರ್ತುಲ ರಸ್ತೆಯ ವಾಹನಗಳೂ ತೂಗುಸೇತುವೆಯ ಆಸುಪಾಸಿನಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ಬಸ್ಸು ಎಡಕ್ಕೆ ಸರಿಯುತ್ತದೆ, ಅದನ್ನು ಹಿಡಿಯಲು ಜನ ರಸ್ತೆಗೇ ಇಳಿಯುತ್ತಾರೆ, ಆಟೋ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎದುರುಗಡೆಯಿಂದ ತಪ್ಪು ದಿಕ್ಕಿನಲ್ಲಿ ಒಂದು ಸ್ಕೂಟರ್ ನುಗ್ಗುತ್ತದೆ. ಸೈಕಲ್‌ನವರಿಗೆ ಉಳಿಯುವುದು ರಸ್ತೆಯ ಅಂಚು. ಆ ಅಂಚಿನಲ್ಲಿ ಡಾಂಬರೂ ಚರಂಡಿ ಚಪ್ಪಡಿಯೂ ಸೇರುವ ಕಡೆ ಉದ್ದಕ್ಕೆ ಒಂದು ಸಂದು. ಮುಂದಿನ ಚಕ್ರ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ, ಸವಾರ ಮಾತ್ರ ತಿರುಗಿ ಬೀಳುತ್ತಾನೆ. ಅವತ್ತು ಅಲ್ಲಿ ನಿಮ್ಮ ಮನಸ್ಸು ಪುಸ್ತಕ ಬಿಟ್ಟು ಬಸ್ಸನ್ನು ಹಿಡಿಯಿತು. ಒಳ್ಳೆಯದೇ ಆಯಿತು. ಇನ್ನೊಂದು ದಿನ ಅದು ಬಸ್ಸನ್ನು ಬಿಟ್ಟು ಪುಸ್ತಕವನ್ನು ಹಿಡಿದುಕೊಂಡರೆ? ತೇಜಸ್ವಿಯವರಂಥ ಕಥೆಗಾರ ಕಿವಿಯಲ್ಲಿದ್ದಾಗ ಹಾಗಾಗುವುದು ಕಷ್ಟವೇನಲ್ಲ.

ಆದ್ದರಿಂದ ಹೆಲ್ಮೆಟ್ಟಿಗಿಂತ ಮೊದಲು ಇಯರ್‌ಫೋನ್ ಮಾತು. ನಾಳೆಯಿಂದಲೇ ಅದು ಸೈಕಲ್ ಮೇಲೆ ಬೇಡ. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತೇನೆ, ಸದ್ದು ಕಡಿಮೆ ಇಡುತ್ತೇನೆ ಎಂಬ ರಾಜಿಯೂ ಬೇಡ. ಸೈಕಲ್‌ನಲ್ಲಿ ಹೋಗುವವರಿಗೆ ಹಿಂದಿನದನ್ನು ಕಾಣಿಸುವುದು ಕಿವಿ. ಗೇರ್ ಇಳಿಸಿದ ಟಿಪ್ಪರ್, ಹಾರ್ನ್ ಮಾಡುತ್ತಾ ಬಲಕ್ಕೆ ಬರುತ್ತಿರುವ ಬಸ್ಸು, ಇವು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತವೆ. ಈಗ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋಗಳು ಬೇರೆ ಬಂದಿವೆ. ಅವುಗಳ ಟೈರಿನ ಸಣ್ಣ ಸದ್ದು ಹಿಡಿಯಲು ಬಿಟ್ಟ ಕಿವಿಯೇ ಸಾಲದು. ಕಿವಿ ಮುಚ್ಚುವುದು ತೊಂದರೆಯ ಅರ್ಧ ಮಾತ್ರ. ಗಮನ ಹಂಚಿಹೋಗುವುದು ಇನ್ನರ್ಧ. ಕಾರು ಓಡಿಸುವವರು ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡಿದರೂ ರಸ್ತೆಯ ಮೇಲಿನ ಗಮನ ಕಡಿಮೆಯಾಗುತ್ತದೆ ಎಂದು ಮತ್ತೆ ಮತ್ತೆ ಕಂಡುಬಂದಿದೆ. ಕಾದಂಬರಿಯಂತೂ ನಿಮ್ಮ ಮನಸ್ಸಿನೊಳಗೇ ಕಾಡು, ಮಳೆ, ಮನುಷ್ಯರನ್ನು ಕಟ್ಟಿ ನಿಲ್ಲಿಸುವಂಥದ್ದು. ಅದಕ್ಕೆ ಪೂರಾ ಮನಸ್ಸು ಬೇಕು. ಹಳೇ ಮದ್ರಾಸ್ ರಸ್ತೆಗೂ ಪೂರಾ ಮನಸ್ಸು ಬೇಕು.

ಹಾಗಂತ ಕೇಳುವುದು ಓದಲ್ಲ ಎಂದು ನಾನು ಹೇಳುತ್ತಿಲ್ಲ. ಈ ವಿಷಯದಲ್ಲಿ ನಿಮಗೆ ಅಪರಾಧಿ ಭಾವ ಬೇಡ. ಕನ್ನಡಿಗರು ಶತಮಾನಗಳ ಕಾಲ ಸಾಹಿತ್ಯವನ್ನು ಹೆಚ್ಚಾಗಿ ಕಿವಿಯಿಂದಲೇ ಪಡೆದವರು. ಅಕ್ಷರ ಬಾರದ ಮನೆಗಳಲ್ಲೂ ಕುಮಾರವ್ಯಾಸ ಗೊತ್ತಿದ್ದದ್ದು ಗಮಕಿಗಳಿಂದ. ಒಬ್ಬರು ಹಾಡಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು, ಊರು ಕೂತು ಕೇಳುತ್ತಿತ್ತು. ಶಿವಮೊಗ್ಗ ಬಳಿಯ ಹೊಸಹಳ್ಳಿಯಲ್ಲಿ ಆ ಕಲೆ ಇವತ್ತಿಗೂ ಇದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಇವತ್ತು ಮೊಬೈಲಿನಲ್ಲಿ ಕನ್ನಡ ಕೇಳುಪುಸ್ತಕಗಳು ಬರುತ್ತಿವೆ ಎಂದರೆ ನನಗೆ ಸಂತೋಷವೇ. ಆದರೆ ಗಮಕ ಕೇಳುವವರು ಜಗಲಿಯಲ್ಲೋ ಗುಡಿಯಲ್ಲೋ ಕೂತು ಕೇಳುತ್ತಿದ್ದರು, ಕೇಳುವುದೇ ಆ ಹೊತ್ತಿನ ಕೆಲಸವಾಗಿತ್ತು. ನೀವೂ ಕೇಳಿ. ತರಕಾರಿ ಹೆಚ್ಚುವಾಗ ಕೇಳಿ, ಬಟ್ಟೆ ಮಡಚುವಾಗ ಕೇಳಿ, ಸಂಜೆ ಹಲಸೂರು ಕೆರೆಯ ಪಕ್ಕದ ಬೆಂಚಿನ ಮೇಲೆ ಕೂತು ಕೇಳಿ. ಕೊನೆಗೆ ಓತಿ ಏನಾಯಿತೆಂದು ಆಗ ಖಂಡಿತ ನೆನಪಿರುತ್ತದೆ.

ಇನ್ನು ಹೆಲ್ಮೆಟ್. ನೀವು ಕೊಟ್ಟಿರುವ ಕಾರಣಗಳನ್ನು ಹಗುರವಾಗಿ ತಳ್ಳಿಹಾಕಲಾರೆ, ಯೋಚನೆ ಮಾಡಿಯೇ ಬರೆದಿದ್ದೀರಿ. ಒಂದೊಂದಾಗಿ ನೋಡೋಣ.

ನಿಧಾನವಾಗಿ ಹೋಗುತ್ತೇನೆ ಎನ್ನುತ್ತೀರಿ. ಸೈಕಲ್ ಮೇಲೆ ಕೂತಾಗ ನಿಮ್ಮ ತಲೆ ನೆಲದಿಂದ ಒಂದೂವರೆ ಮೀಟರಿಗಿಂತ ತುಸು ಮೇಲಿರುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 19ರಿಂದ 20 ಕಿಲೋಮೀಟರ್ ವೇಗ ಪಡೆದಿರುತ್ತದೆ. ಇದು ಬೀಳುವುದರಿಂದಲೇ ಬರುವ ವೇಗ, ಸೈಕಲ್ಲಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಗ್ನಲ್‌ನಲ್ಲಿ ನಿಂತವರು ಕಾಲು ಜಾರಿ ಪಕ್ಕಕ್ಕೆ ಉರುಳಿದರೂ ತಲೆ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಡಾಂಬರಿಗೆ ಬಡಿಯುತ್ತದೆ. ಎಷ್ಟು ನಿಧಾನ ಹೋದರೂ ಇದನ್ನು ಕಡಿಮೆ ಮಾಡಲಾಗುವುದಿಲ್ಲ. ಸೈಕಲ್ ಹೆಲ್ಮೆಟ್ ಪರೀಕ್ಷೆ ಮಾಡುವವರು ಹಿಡಿದಿರುವುದೂ ಇದೇ ಲೆಕ್ಕ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಉಕ್ಕಿನ ಸಪಾಟು ಪೀಠದ ಮೇಲೆ ಬೀಳಿಸಿ ನೋಡುತ್ತಾರೆ. ಹೆಲ್ಮೆಟ್ಟಿನ ಒಳಗೆ ಥರ್ಮೋಕೋಲಿನ ಒಂದು ಪದರ ಇರುತ್ತದೆ. ಪೆಟ್ಟು ಬಿದ್ದಾಗ ಅದು ನುಜ್ಜಾಗುತ್ತದೆ. ಅದು ನುಜ್ಜಾಗುವಷ್ಟು ಹೊತ್ತು ತಲೆ ಇನ್ನೊಂದಿಷ್ಟು ದೂರ ಚಲಿಸಿ ನಿಲ್ಲುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಬರಿತಲೆಗೆ ಆ ಒಂದೆರಡು ಸೆಂಟಿಮೀಟರಿನ ಅವಕಾಶವೂ ಇಲ್ಲ. ತಲೆಬುರುಡೆ ತಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ.

ಹೆಲ್ಮೆಟ್ ಎಲ್ಲದರಿಂದಲೂ ಕಾಪಾಡುವುದಿಲ್ಲ. ಲಾರಿಯ ಚಕ್ರದೆದುರು ಅದು ಏನೂ ಅಲ್ಲ. ಅಪಘಾತ ಆಗದಂತೆ ಅದು ತಡೆಯುವುದೂ ಇಲ್ಲ. ಆದರೆ ಸೈಕಲ್‌ನಿಂದ ಬಿದ್ದವರ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 1999ರ ಕಾಕ್ರೇನ್ ವಿಮರ್ಶೆಯಲ್ಲಿ, ಹೆಲ್ಮೆಟ್ ಹಾಕಿದ್ದವರಿಗೆ ತಲೆ ಮತ್ತು ಮಿದುಳಿನ ಗಾಯದ ಸಂಭವ ಶೇ 63ರಿಂದ 88ರಷ್ಟು ಕಡಿಮೆ ಎಂದು ಕಂಡುಬಂತು. ಆಮೇಲಿನ ಅಧ್ಯಯನಗಳಲ್ಲಿ ಪ್ರಮಾಣ ಹೆಚ್ಚುಕಡಿಮೆಯಾಗಿದೆ, ದಿಕ್ಕು ಬದಲಾಗಿಲ್ಲ.

ಹಾಲೆಂಡಿನ ಮಾತು ನಿಜ. ಅಲ್ಲಿ ಅಜ್ಜಿಯಂದಿರೂ ಶಾಲೆ ಮಕ್ಕಳೂ ಬರಿತಲೆಯಲ್ಲೇ ಹೋಗುತ್ತಾರೆ. ಆದರೆ ಆ ನೆಮ್ಮದಿ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಿಯರು ಬೀದಿಗಿಳಿದರು. ಆಮೇಲಿನ ದಶಕಗಳಲ್ಲಿ ಸರ್ಕಾರ ಸೈಕಲ್‌ಗಳಿಗೆ ಬೇರೆಯೇ ಹಾದಿ ಕಟ್ಟಿತು, ಮನೆಗಳಿರುವ ಬೀದಿಗಳಲ್ಲಿ ಕಾರುಗಳ ವೇಗ ಇಳಿಸಿತು. ಅಲ್ಲಿನವರ ಬರಿತಲೆಗೆ ಆ ಹಾದಿಯೇ ರಕ್ಷಣೆ. ನಮ್ಮಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸೈಕಲ್‌ಗೆಂದು ಒಂದು ಪಟ್ಟಿ ಬಿಟ್ಟುಕೊಟ್ಟಿದ್ದರು. ಅದು ಬಹಳ ದಿನ ಬಾಳಲಿಲ್ಲ. ಆ ಹಾದಿ ಮತ್ತೆ ಬರಬೇಕು, ಗಟ್ಟಿಯಾಗಿ ಬರಬೇಕು. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಸೈಕಲ್‌ನವರಿಗೆ ಹೇಳಿ ಕೈ ತೊಳೆದುಕೊಳ್ಳುವ ಹಕ್ಕು ಊರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಆ ಹಾದಿಗಾಗಿ ದನಿ ಎತ್ತಿ. ಆದರೆ ನಾಳೆ ಬೆಳಗ್ಗೆ ನೀವು ಹೋಗಬೇಕಾದ್ದು ಇವತ್ತಿನ ರಸ್ತೆಯಲ್ಲೇ.

ಕಾನೂನಿನ ವಿಷಯದಲ್ಲೂ ನೀವು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕೇಳುವುದು ಮೋಟಾರ್ ಸೈಕಲ್‌ನವರಿಗೆ. ತುಳಿಯುವ ಸೈಕಲ್ ಅದರ ವ್ಯಾಪ್ತಿಗೆ ಬರುವುದಿಲ್ಲ, ಬರಲಿ ಎಂದು ನಾನೂ ಕೇಳುವುದಿಲ್ಲ. ಬೆಳಗಿನ ಜಾವ ಹಾಲು, ಪೇಪರ್ ಹಾಕುವ ಹುಡುಗರನ್ನು, ಸೈಕಲ್ ಮೇಲೆ ಟೀ ಮಾರುವವರನ್ನು ಹಿಡಿದು ದಂಡ ಹಾಕುವ ಕಾನೂನು ನಮಗೆ ಬೇಡ. ನೀವೇ ಆಲೋಚಿಸಿ ಹಾಕಿಕೊಳ್ಳುವುದಾದರೆ ಅದರ ಬೆಲೆಯೇ ಬೇರೆ.

ಚಿಕ್ಕಂದಿನ ಬಜಾರ್ ಬೀದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವತ್ತಿನ ಗಾಡಿಗಳೆಷ್ಟು, ಇವತ್ತಿನವೆಷ್ಟು ಎಂಬುದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಹೆಂಡತಿ ಆಸ್ಪತ್ರೆಯಲ್ಲಿ ದಿನಾ ಅಂಥದ್ದನ್ನೇ ನೋಡುವುದರಿಂದ ಅತಿಯಾಗಿ ಹೆದರುತ್ತಾಳೆ ಎಂದು ಬರೆದಿದ್ದೀರಿ. ನೋಡುತ್ತಾರೆ, ಆದ್ದರಿಂದ ಅವರಿಗೆ ಗೊತ್ತು. ನಿಮ್ಮ ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹತ್ತಿರದಿಂದ ಕಂಡವರು ಅವರೊಬ್ಬರೇ. ಬದುಕಿ ಉಳಿದರೂ ಆಮೇಲೆ ಮಾತು ತೊದಲುವುದು, ಸಣ್ಣದಕ್ಕೂ ಸಿಟ್ಟು ನೆತ್ತಿಗೇರುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಲೆಕ್ಕ ಕೈಗೆ ಹತ್ತದೆ ಹೋಗುವುದು, ಇದೆಲ್ಲ ಅವರಿಗೆ ಗೊತ್ತಿರುವ ಲೋಕ. ನಿಮ್ಮ ಕೆಲಸವೇ ಲೆಕ್ಕ, ನಿಮ್ಮ ಪ್ರೀತಿ ಪುಸ್ತಕ. ಎರಡೂ ಇರುವುದು ತಲೆಯಲ್ಲೇ. ಅವರು ಅಡುಗೆಮನೆಯಲ್ಲಿ ಜಗಳ ಮಾಡುವಾಗ ಹಾಲೆಂಡಿನ ಉದಾಹರಣೆ ಕೊಡಬೇಡಿ. ಅವರು ಕೇಳುತ್ತಿರುವುದು ನೀವು ಹೋದ ಹಾಗೇ ಸಂಜೆ ಮನೆಗೆ ಬರುತ್ತೀರಾ ಎಂದು.

ನಿಮ್ಮ ಓದಿನ ಬಗ್ಗೆ ಒಂದು ಸಲಹೆ ಇದೆ, ನನಗೆ ಇದರ ಮೇಲೆ ತುಂಬ ನಂಬಿಕೆ. 2023ರ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಮೆಟ್ರೊ ಕೊಂಡಿ ಕೂಡಿಕೊಂಡಿದೆ. ಅಂದರೆ ನಿಮ್ಮ ಹಲಸೂರಿನಲ್ಲಿ ಹತ್ತಿದರೆ ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಆಮೇಲೆ ಕೆ.ಆರ್. ಪುರ. ವಾರದಲ್ಲಿ ಒಂದೆರಡು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ, ಸೈಕಲ್ ಮನೆಯಲ್ಲಿಟ್ಟು ಮೆಟ್ರೊದಲ್ಲಿ ಹೋಗಿ. ಕೈಯಲ್ಲಿ ಕಾಗದದ ಪುಸ್ತಕ ಇರಲಿ, ಫೋನು ಬ್ಯಾಗಿನ ತಳದಲ್ಲಿರಲಿ. ಬೆಳಗ್ಗೆ ಕೂರಲು ಜಾಗ ಸಿಗುವುದಿಲ್ಲ, ಗೊತ್ತು. ಬಾಗಿಲ ಪಕ್ಕದ ಮೂಲೆಗೆ ಒರಗಿ ನಿಂತು ನಾಲ್ಕೈದು ಪುಟ ಓದಬಹುದು. ಎರಡು ಪುಟಕ್ಕೆ ಕೈ ಫೋನಿಗೆ ಹೋಗುತ್ತದೆ ಎಂದಿರಿ. ಅದು ನಿಮ್ಮೊಬ್ಬರ ಕಥೆಯಲ್ಲ. ಹೋದ ಅಭ್ಯಾಸ ನಾಲ್ಕೈದು ಪುಟಗಳಿಂದಲೇ ಮರಳಿ ಬರುವುದು. ದೊಡ್ಡ ಕಾದಂಬರಿ ಸದ್ಯಕ್ಕೆ ಬೇಡ. ಸಣ್ಣಕಥೆ, ಲಲಿತ ಪ್ರಬಂಧ ತೆಗೆದುಕೊಳ್ಳಿ, ಒಂದು ಪ್ರಯಾಣಕ್ಕೋ ಎರಡಕ್ಕೋ ಮುಗಿಯುವಂಥವು.

ನಿಮ್ಮ ಹಲಸೂರಿನ ಆಸುಪಾಸಿನ ದಂಡು ಪ್ರದೇಶದಲ್ಲೇ ನಡೆದದ್ದೊಂದನ್ನು ಇಲ್ಲಿ ನೆನೆಯಬಹುದು. 1896ರಲ್ಲಿ ಬೆಂಗಳೂರಿನ ಕಂಟೋನ್ಮೆಂಟಿಗೆ ಬಂದಿಳಿದ ಕುದುರೆ ಪಡೆಯ ಯುವ ಅಧಿಕಾರಿಯೊಬ್ಬನಿಗೆ ತನಗೇನೂ ತಿಳಿದಿಲ್ಲ ಎನ್ನುವ ಅರಿವು ಇಲ್ಲಿಯೇ ಹುಟ್ಟಿತು. ತಾಯಿಯಿಂದ ಪುಸ್ತಕ ತರಿಸಿಕೊಂಡು, ಬೆಳಗಿನ ಲಾಯದ ಕೆಲಸ ಮುಗಿದ ಮೇಲೆ ಸಂಜೆಯ ಪೋಲೊ ಆಟದ ತನಕ ದಿನಕ್ಕೆ ನಾಲ್ಕೈದು ಗಂಟೆ ಗಿಬ್ಬನ್, ಮೆಕಾಲೆಯವರ ಇತಿಹಾಸ ಓದಿದ. ಅವನು ವಿನ್‌ಸ್ಟನ್ ಚರ್ಚಿಲ್. ಆಮೇಲೆ ಅವನು ಭಾರತದ ಬಗ್ಗೆ ನಡೆದುಕೊಂಡ ರೀತಿಯನ್ನು ನಾವು ಮರೆಯಬೇಕಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಆದರೆ ಓದುವ ಅಭ್ಯಾಸ ಹೇಗೆ ನಿಲ್ಲುತ್ತದೆ ಎನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. ದಿನದೊಳಗೆ ಓದಿಗೆ ಅದರದ್ದೇ ಆದ ಹೊತ್ತು ಇತ್ತು, ಕುದುರೆ ಸವಾರಿಗೆ ಅದರದ್ದೇ ಹೊತ್ತು. ನಿಮಗೆ ನಾಲ್ಕೈದು ಗಂಟೆ ಸಿಗುವುದಿಲ್ಲ. ಇಪ್ಪತ್ತು ನಿಮಿಷ ಸಿಗುತ್ತದೆ.

ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಹೇಳುವುದು ಸ್ವಲ್ಪ ದಿನ ನಿಲ್ಲಲಿ. ‘ಕರ್ವಾಲೊ’ ಪುಸ್ತಕ ತಂದು, ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದಷ್ಟು ಗಟ್ಟಿಯಾಗಿ ಓದಿ. ಒಂದು ದಿನ ನೀವು, ಒಂದು ದಿನ ಅವಳು, ರಜೆ ಇದ್ದ ದಿನ ಅವಳ ಅಮ್ಮ. ಓತಿ ಏನಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ, ಮೂವರೂ ಒಟ್ಟಿಗೇ ಆ ಪುಟಕ್ಕೆ ಬನ್ನಿ. ಎಂಟನೇ ಕ್ಲಾಸಿನ ಹುಡುಗಿ ಅಪ್ಪನ ಬಾಯಲ್ಲಿ ಕಥೆ ಕೇಳಲು ದೊಡ್ಡವಳಾದಳು ಎಂದುಕೊಳ್ಳಬೇಡಿ. ಅವಳೇ ನಿಮ್ಮನ್ನು ಕೊನೆ ಏನಾಯಿತೆಂದು ಕೇಳಿದ್ದಾಳೆ, ಅವಳಿಗೆ ಕಥೆ ಬೇಕಾಗಿದೆ. ಪುಸ್ತಕ ಕೊಳ್ಳಲೇಬೇಕೆಂದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಈಗ ಅದು ಶೇ 6. ಬಡಾವಣೆಯ ಲೈಬ್ರರಿ ನಮ್ಮ ದುಡ್ಡಿನದೇ. ಅವಳ ಹೆಸರಿನಲ್ಲೇ ಒಂದು ಕಾರ್ಡ್ ಮಾಡಿಸಿಕೊಡಿ. ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಜನ ಚಾಪೆ ಹಾಸಿಕೊಂಡು ಮೌನವಾಗಿ ಓದುವ ‘ಕಬ್ಬನ್ ರೀಡ್ಸ್’ ನಡೆಯುತ್ತದೆ. ಯಾರೂ ಭಾಷಣ ಮಾಡುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಹಲಸೂರಿನಿಂದ ಸೈಕಲ್‌ಗೆ ಅದೇನು ದೂರವಲ್ಲ. ಅಪ್ಪ, ಮಗಳು ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೋಗಿ ಬನ್ನಿ.

ಹೆಲ್ಮೆಟ್ ಕೊಳ್ಳಲು ಅವಳನ್ನೇ ಕರೆದುಕೊಂಡು ಹೋಗಿ. ಬೈಕಿನ ಹೆಲ್ಮೆಟ್ ಬೇಡ, ಅದು ಭಾರ, ಗಾಳಿಯಾಡುವುದಿಲ್ಲ. ನಿಮ್ಮ ಬೆವರಿನ ದೂರಿಗೆ ಪರಿಹಾರ ಗಾಳಿಕಿಂಡಿಗಳಿರುವ ಸೈಕಲ್ ಹೆಲ್ಮೆಟ್, ಒಳಗೊಂದು ತೆಳು ಹತ್ತಿ ಬಟ್ಟೆ. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಅಮೆರಿಕದ ಮಾನದಂಡವಾದ ಸಿಪಿಎಸ್‌ಸಿ ಎಂದಿದೆಯೇ ನೋಡಿ. ಟೇಪಿನಲ್ಲಿ ಹುಬ್ಬಿನ ಮೇಲಿಂದ ತಲೆಯ ಸುತ್ತಳತೆ ತೆಗೆದುಕೊಂಡು ಸೈಜ್ ಆರಿಸಿ. ಹಾಕಿಕೊಂಡಾಗ ಅದರ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ನಿಲ್ಲಬೇಕು, ನೆತ್ತಿಯ ಹಿಂದಕ್ಕೆ ಜಾರಿದರೆ ಹಣೆ ಬಯಲಾಗುತ್ತದೆ. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದು ಬೆರಳು ಹೋಗುವಷ್ಟು ಮಾತ್ರ ಸಡಿಲ. ತಲೆ ಜೋರಾಗಿ ಅಲ್ಲಾಡಿಸಿದರೂ ಕದಲಬಾರದು. ಮಗಳ ಹೆಲ್ಮೆಟ್ ಕೊಡಿಸಿದ್ದು ಯಾವಾಗ? ಬೆಳೆಯುವ ಮಕ್ಕಳಿಗೆ ಅದು ಬಿಗಿಯಾಗಿರಬಹುದು, ಜಡೆಗೆ ತಗಲುತ್ತಿರಬಹುದು. ಅವಳು ಅದನ್ನು ಹ್ಯಾಂಡಲ್‌ಗೆ ನೇತುಹಾಕುವುದಕ್ಕೆ ನಿಮ್ಮ ಬರಿತಲೆಯ ಜೊತೆಗೆ ಇದೂ ಕಾರಣವಿದ್ದೀತು. ಕೇಳಿ ನೋಡಿ. ಜುಟ್ಟು ಕೆಳಗೆ ಕಟ್ಟಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಣ್ಣ ಅವಳೇ ಆರಿಸಲಿ, ನಿಮ್ಮದನ್ನೂ ಅವಳೇ ಆರಿಸಲಿ. ಹಳೇ ಹೆಲ್ಮೆಟ್ ಯಾರಿಂದಲೂ ಕೊಳ್ಳಬೇಡಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿಯೇ ಕಂಡರೂ ಒಳಪದರ ನುಜ್ಜಾಗಿರುತ್ತದೆ, ಅದನ್ನು ಬಿಸಾಕಿ ಹೊಸದು ತನ್ನಿ.

ಒಂದು ವಿಷಯವನ್ನು ಮಗಳಿಗೂ ಕಲಿಸಿಕೊಡಿ. ಹೆಲ್ಮೆಟ್ ಇರಲಿ, ಇಲ್ಲದಿರಲಿ, ಬಿದ್ದು ತಲೆಗೆ ಪೆಟ್ಟಾದರೆ, ರಕ್ತ ಬರದಿದ್ದರೂ ಎದ್ದು ಧೂಳು ಕೊಡವಿಕೊಂಡು ಸುಮ್ಮನೆ ಹೊರಟುಬಿಡಬಾರದು. ಒಳಗೆ ರಕ್ತ ಜಿನುಗುತ್ತಿದ್ದರೂ ಕೆಲವರು ಮೊದಲಿಗೆ ಪೂರಾ ಸರಿಯಿರುವಂತೆಯೇ ಕಾಣುತ್ತಾರೆ. ಆಮೇಲೆ ಹೆಚ್ಚುತ್ತಾ ಹೋಗುವ ತಲೆನೋವು, ವಾಂತಿ, ವಿಪರೀತ ಮಂಪರು, ಮಾತಿನ ಗೊಂದಲ, ಫಿಟ್ಸ್, ಕೈಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಯಾವುದೂ ಕಾಣದಿದ್ದರೂ ಮೊದಲ ದಿನ ಪೂರ್ತಿ ಯಾರಾದರೂ ಜೊತೆಗಿದ್ದು ಗಮನಿಸುತ್ತಿರಬೇಕು. ಉಳಿದದ್ದನ್ನು ನಿಮ್ಮ ಹೆಂಡತಿಯ ಹತ್ತಿರ ಕೂತು ಕೇಳಿ ತಿಳಿದುಕೊಳ್ಳಿ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.